ಹಗ್ಗ ಎಳೆದೂ ಎಳೆದೂ

ಆರಿದ್ರೆ ಮಳೆಯ ನಡುವೆ ಒಂದು ದಿನ ಹೊಳವಾಯ್ತು ಅಂದ್ರೆ ಸಾಕು, ನಮ್ಮ ಕಡೆ ಅಡಿಕೆ ತೋಟದ ಮನೆಗಳ ಅಟ್ಟದಿಂದ ವೀಡ್ ಕಟರುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಆಮೇಲೆ ಕೇಳೋದು ಹುಲ್ಲು ಕೊಯ್ಯೋ ಸದ್ದಲ್ಲ, ಹಗ್ಗ ಎಳೆಯೋ ಸದ್ದು. ಸರ್ರ್... ಸರ್ರ್... ಮಧ್ಯೆ ಒಂದು ‘ಡುಬುಕ್’. ಮತ್ತೆ ಸರ್ರ್. ಎಳೆದವರ ರಟ್ಟೆ ಬಿದ್ದುಹೋಗುತ್ತೆ, ಮಿಷನ್ನು ಮಾತ್ರ ಹೂಂ ಅನ್ನಲ್ಲ. ಕೊನೆಗೆ ಅದನ್ನ ಗೋಣಿಚೀಲದಲ್ಲಿ ಸುತ್ತಿ ಜೀಪಿನ ಹಿಂದೆ ಹಾಕ್ಕೊಂಡು ಪೇಟೆಗೆ ಹೊರಡೋದು. ರಿಪೇರಿ ಅಂಗಡಿ ಮುಂದೆ ಅಂಥವು ಸಾಲಾಗಿ ನಿಂತಿರ್ತವೆ, ನೋಡಿದೀರಲ್ವಾ?

ಆ ‘ಡುಬುಕ್’ ಇದೆಯಲ್ಲ, ಅದನ್ನ ಕಿವಿಗೊಟ್ಟು ಕೇಳಬೇಕು ಮಾರಾಯ್ರೆ. ‘ಜೀವ ಇದೆ, ಚೋಕ್ ತೆಗಿ’ ಅಂತ ಮಿಷನ್ನು ಹೇಳೋದೇ ಹಾಗೆ. ಅದಾದ ಮೇಲೂ ಚೋಕ್ ಹಾಕ್ಕೊಂಡೇ ಎಳೀತಾ ಹೋದ್ರೆ ಪೆಟ್ರೋಲು ಒಳಗೆ ತುಂಬಿ ಪ್ಲಗ್ಗು ಒದ್ದೆ ಮುದ್ದೆ. ಆಗ ಪ್ಲಗ್ ಬಿಚ್ಚಿ, ಒರೆಸಿ, ಚೋಕ್ ಪೂರ್ತಿ ತೆಗೆದು, ಪ್ಲಗ್ಗಿಲ್ಲದೆ ನಾಲ್ಕು ಸಲ ಹಗ್ಗ ಎಳೆದ್ರೆ ತುಂಬಿದ್ದು ಹೊರಗೆ ಬರುತ್ತೆ. ಪ್ಲಗ್ಗು ಕೈಯಲ್ಲಿದ್ದಾಗ ತುದಿ ನೋಡಿ. ಕಾಫಿ ಬಣ್ಣ ಇದ್ರೆ ಒಳಗೆಲ್ಲ ಕ್ಷೇಮ. ಕಪ್ಪಗೆ ಜಿಡ್ಡಾಗಿದ್ರೆ ಆಯಿಲು ಜಾಸ್ತಿ, ಇಲ್ಲಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಣ್ಣ ಬಡಿದ ಹಾಗಿದ್ರೆ ಮಾತ್ರ ಕೆಲಸ ನಿಲ್ಲಿಸಬೇಕು. ಪೆಟ್ರೋಲು ಸಾಲದೆ ಎಂಜಿನ್ನು ಕಾಯ್ತಾ ಇದೆ ಅಂತ ಅರ್ಥ.

ಆಯಿಲ್ ಅಂದಾಗ ನೆನಪಾಯ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕೋವರೆಗೆ ಎಜ್ಡಿ ಬೈಕುಗಳು ಬರ್ತಿದ್ವಲ್ಲ, ಎರಡು ಸೈಲೆನ್ಸರಿಂದು? ಕಿಕ್ ಹೊಡೆಯೋ ಲಿವರೇ ಮುಂದಕ್ಕೆ ತಿರುಗಿ ಗೇರ್ ಲಿವರ್ ಆಗೋದು. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಹುಡುಕಬೇಕಿತ್ತು. ಆ ಕಾಲದಲ್ಲಿ ಬಂಕಿಗೆ ಹೋದ್ರೆ ‘ಆಯಿಲ್ ಎಷ್ಟು?’ ಅಂತ ಕೇಳಿ, ಪೆಟ್ರೋಲಿನ ಜೊತೆಗೇ 2ಟಿ ಆಯಿಲ್ ಹಾಕೋರು. ಸ್ಕೂಟರಿನೋರು ಸ್ಟಾರ್ಟ್ ಆಗದೆ ಇದ್ದಾಗ ಗಾಡೀನ ಒಂದು ಬದಿಗೆ ವಾಲಿಸಿ ಎತ್ತೋರು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳೀಲಿ ಅಂತ. ಟೂ ಸ್ಟ್ರೋಕ್ ವಿದ್ಯೆ ಆಗ ಊರಿಗೆಲ್ಲ ಬರ್ತಿತ್ತು. ಆ ಬೈಕುಗಳ ಜೊತೆ ವಿದ್ಯೇನೂ ಹೋಯ್ತು, ಅದೇ ಎಂಜಿನ್ನು ಈಗ ಪುಟ್ಟದಾಗಿ ನಮ್ಮ ಹೆಗಲಿಗೇ ಬಂದು ಕೂತಿದೆ.

ಬಾಟಲಿ ಮೇಲೆ 50:1 ಅಂತ ಬರೆದಿದ್ರೆ ಲೀಟರಿಗೆ 20 ಮಿಲಿ, 25:1 ಅಂದ್ರೆ 40 ಮಿಲಿ. ಯಾವ ಮಿಷನ್ನಿಗೆ ಯಾವ ಲೆಕ್ಕ ಅನ್ನೋದು ಅದರ ಪುಸ್ತಕದಲ್ಲಿದೆ. ಕೆಲವರು ಕಣ್ಣಂದಾಜಲ್ಲಿ ಸುರೀತಾರೆ. ನನಗದು ಸರಿ ಕಾಣಲ್ಲ. ಕೆಮ್ಮಿನ ಔಷಧಿ ಜೊತೆ ಕೊಡೋ ಪುಟ್ಟ ಅಳತೆ ಮುಚ್ಚಳ ಒಂದನ್ನ ಇದಕ್ಕೇಂತ ಎತ್ತಿಟ್ಟರೆ ಆಯ್ತಪ್ಪ. ಆಯಿಲಿಗೆ ಬಣ್ಣ ಹಾಕಿರೋದೂ ಸುಮ್ನೆ ಅಲ್ಲ, ಬೆರೆಸಿದ ಪೆಟ್ರೋಲು ಯಾವುದು, ಬರೀ ಪೆಟ್ರೋಲು ಯಾವುದು ಅಂತ ಕ್ಯಾನ್ ನೋಡಿದ್ರೇ ತಿಳೀಲಿ ಅಂತ. ಬರೀ ಪೆಟ್ರೋಲ್ ಹೋಯ್ತೋ, ಪಿಸ್ಟನ್ ಹಿಡ್ಕೊಂಡು ಎಂಜಿನ್ ಸೀಜ್. ಫೋರ್ ಸ್ಟ್ರೋಕ್ ಕಟರಿನ ಕಥೆ ಬೇರೆ, ಅದಕ್ಕೆ ಆಯಿಲ್ ಪ್ರತ್ಯೇಕ. ಎರಡೂ ಥರದ್ದಿರೋ ಮನೇಲಿ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದಿಡೋದು ವಾಸಿ.

ಈಗ ಎಲ್ಲರ ತಲೆನೋವು ಎಥೆನಾಲು. ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇಕಡ 20 ಅದೇ. ಅದಕ್ಕೆ ನೀರು ಕಂಡ್ರೆ ಬಲು ಪ್ರೀತಿ, ಗಾಳಿಯ ತೇವಾನೂ ಬಿಡಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರಗಾಲವೇ? ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ಇಟ್ರೆ ಎಥೆನಾಲು ನೀರನ್ನ ಕರ್ಕೊಂಡು ತಳಕ್ಕಿಳಿಯುತ್ತೆ. ಪೆಟ್ರೋಲು ಹೀರೋ ಪೈಪಿನ ಬಾಯಿ ಇರೋದೂ ತಳದಲ್ಲೇ! ಇನ್ನೊಂದು ವಿಚಿತ್ರ ಕೇಳಿ, ನಾವು ಬೆರೆಸಿದ ಆಯಿಲು ಮಾತ್ರ ಮೇಲಿನ ಪೆಟ್ರೋಲಲ್ಲೇ ಉಳಿದುಬಿಡುತ್ತೆ. ಅಂದ್ರೆ ಎಂಜಿನ್ನಿಗೆ ಹೋಗೋದು ನೀರು ಬೆರೆತ ಎಥೆನಾಲು, ಅದೂ ಆಯಿಲ್ ಇಲ್ಲದ್ದು. ಅನುಮಾನ ಬಂದ್ರೆ ಹಳೇ ಪೆಟ್ರೋಲನ್ನ ಗಾಜಿನ ಬಾಟಲಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಬಿಡಿ. ನಡುವೆ ಒಂದು ಗೆರೆ ಕಂಡ್ರೆ ಅದನ್ನ ಮಿಷನ್ನಿಗೆ ಹಾಕಲೇಬೇಡಿ.

ಕಾರ್ಬ್ಯುರೇಟರಿನ ಒಳಗೆ ತೆಳ್ಳಗಿನ ಒಂದು ಪೊರೆ ಇದೆ, ಡಯಾಫ್ರಮ್ ಅಂತ. ನನಗೆ ಇಡೀ ಮಿಷನ್ನಲ್ಲಿ ತುಂಬ ಇಷ್ಟವಾದ ವಸ್ತು ಅದು. ಬೈಕಿನ ಕಾರ್ಬ್ಯುರೇಟರಿನ ಥರ ಇದರಲ್ಲಿ ತೇಲೋ ಬುರುಡೆ ಇಲ್ಲ. ಎಂಜಿನ್ನಿನ ಉಸಿರಾಟಕ್ಕೆ ಈ ಪೊರೆ ಮಿಡಿದು ಮಿಡಿದೇ ಪೆಟ್ರೋಲ್ ಎತ್ತಿ ಕೊಡುತ್ತೆ. ಮರ ಕೊಯ್ಯೋ ಗರಗಸವನ್ನ ಓರೆಯಾಗಿ, ತಲೆಕೆಳಗಾಗಿ ಹೇಗೆ ಹಿಡಿದ್ರೂ ಅದು ಓಡೋದು ಇದರ ಪುಣ್ಯದಿಂದ. ಹಳೇ ಪೆಟ್ರೋಲಿನ ಅಂಟು ಕೂತು ಒಣಗಿದ್ರೆ ಈ ಪೊರೆ ಹಪ್ಪಳದ ಹಾಗೆ ಬಿರುಸಾಗುತ್ತೆ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ‘ಟಿಕ್’ ಅಂದ್ರೆ ಅದರ ಆಯಸ್ಸು ಮುಗೀತು. ಕಿಟ್ ತಂದು ಹಾಕಿದ್ರೆ ಸಾಕು, ಕಾರ್ಬ್ಯುರೇಟರನ್ನೇ ಬದಲಾಯಿಸಬೇಕಾಗಿಲ್ಲ. ಪಕ್ಕದ ಪುಟ್ಟ ಸ್ಕ್ರೂಗಳನ್ನ ಮಾತ್ರ ಸುಮ್ಮಸುಮ್ಮನೆ ತಿರುಗಿಸೋಕೆ ಹೋಗಬೇಡಿ.

ಪೆಟ್ರೋಲ್ ಬರ್ತಿಲ್ವೋ, ಕಿಡಿ ಬರ್ತಿಲ್ವೋ ಅಂತ ತಿಳಿಯೋಕೆ ಹಳೇ ಉಪಾಯ ಇದೆ. ಪ್ಲಗ್ಗಿನ ತೂತಿಗೆ ನಾಲ್ಕೇ ಹನಿ ಬೆರೆಸಿದ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಎಳೀರಿ. ಒಂದು ಕ್ಷಣ ಗುರ್ ಅಂದು ನಿಂತ್ರೆ ಕಿಡಿ ಚೆನ್ನಾಗಿದೆ, ಪೆಟ್ರೋಲಿನ ದಾರಿ ಕಟ್ಟಿದೆ. ಇನ್ನು, ಐದು ನಿಮಿಷ ಓಡಿ ನಿಲ್ಲೋದು, ಆರಿದ ಮೇಲೆ ಮತ್ತೆ ಓಡೋದು ಮಾಡಿದ್ರೆ ಮೊದಲು ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿ. ಸರಿಹೋದ್ರೆ ಗಾಳಿ ಹೋಗೋ ಸೂಜಿತೂತು ಕಟ್ಟಿದೆ ಅಷ್ಟೆ. ಸ್ಟಾರ್ಟ್ ಆಗುತ್ತೆ, ತ್ರಾಣ ಇಲ್ಲ ಅಂದ್ರೆ ಸೈಲೆನ್ಸರ್ ನೋಡಿ. ಅಲ್ಲಿ ಇಂಗಾಲ ಕಟ್ಟಿರುತ್ತೆ, ಇಲ್ಲಾ ಕುಂಬಾರ ಹುಳ ಮಣ್ಣಿನ ಗೂಡು ಮಾಡಿರುತ್ತೆ. ಬೆರಳು ದಪ್ಪದ ತೂತು ಕಂಡ್ರೆ ಬಿಡೋ ಜಾತಿಯೇ ಅದು!

ಕಟರಿಗೆ ನೈಲಾನ್ ದಾರ ಕಟ್ಟೋ ಉಪಾಯ ಹೊಳೆದಿದ್ದು ಒಬ್ಬ ಡ್ಯಾನ್ಸ್ ಶಾಲೆ ಯಜಮಾನನಿಗೆ, ಗೊತ್ತಾ? ಅಮೆರಿಕದ ಹೂಸ್ಟನ್ನಿನ ಜಾರ್ಜ್ ಬಲ್ಲಾಸ್. 1971ರಲ್ಲಿ ಕಾರು ತೊಳೆಯೋ ಕಡೆ ಗಿರಗಿರ ತಿರುಗೋ ನೈಲಾನ್ ಬ್ರಷ್ ನೋಡಿ, ಮನೆಗೆ ಬಂದು ಪಾಪ್‌ಕಾರ್ನ್ ಡಬ್ಬಿಗೆ ಮೀನಿನ ಗಾಳದ ದಾರ ಪೋಣಿಸಿ ತಿರುಗಿಸಿದನಂತೆ. ಅವನು ಯೋಚಿಸಿದ್ದು ಮರದ ಬುಡದ ಹುಲ್ಲಿನ ಬಗ್ಗೆ. ನಮ್ಮ ತೋಟದಲ್ಲೂ ಅಡಿಕೆ ಬುಡದ ಹತ್ತಿರ ಬ್ಲೇಡ್ ಬೇಡ, ದಾರವೇ ಸರಿ. ಎಳೆ ಸಸಿಗೆ ಆ ದಾರವೂ ಬೇಡ, ತೊಗಟೆ ಸುಲಿದುಹೋಗುತ್ತೆ, ಅಲ್ಲಿ ಕತ್ತೀನೇ ಗತಿ. ದಾರ ಒಣಗಿ ಪಟಪಟ ತುಂಡಾಗ್ತಿದ್ರೆ ರಾತ್ರಿ ನೀರಲ್ಲಿ ನೆನೆಹಾಕಿ, ಮೆತ್ತಗಾಗುತ್ತೆ.

ಹುಲ್ಲಿನ ಕೆಲಸ ಮುಗಿದ ಮೇಲೆ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ತಾನಾಗೇ ನಿಲ್ಲೋವರೆಗೆ ಓಡಿಸಿಬಿಡಿ. ಕಾರ್ಬ್ಯುರೇಟರಲ್ಲಿ ಉಳಿದಿದ್ದೂ ಉರಿದುಹೋಗುತ್ತೆ. ಫಿಲ್ಟರಿನ ಸ್ಪಂಜನ್ನ ಸೋಪುನೀರಲ್ಲಿ ಹಿಂಡಿ ಒಣಗಿಸಿ, ಬ್ಲೇಡಿನ ಗೇರಿಗೆ ಗ್ರೀಸ್ ತುಂಬಿ, ಸೈಲೆನ್ಸರ್ ಬಾಯಿಗೊಂದು ಬಟ್ಟೆ ಕಟ್ಟಿ. ಇಡೋದು ಅಟ್ಟದ ಮೇಲೆ ಬೇಡ, ಜಗಲಿಯ ಗೂಟಕ್ಕೆ ನೇತುಹಾಕಿ. ಅಟ್ಟದಲ್ಲಿ ಇಲಿಗಳಿಗೆ ಆ ಪೆಟ್ರೋಲ್ ಪೈಪಿನಲ್ಲಿ ಏನು ರುಚಿಯೋ, ಕಡಿದು ಹಾಕ್ತವೆ. ಕಡಿದ್ರೂ ಚಿಂತೆಯಿಲ್ಲ, ಪೈಪು ಬಿಡಿಯಾಗೂ ಸಿಗುತ್ತೆ. ಹೋಗುವಾಗ ಹಳೇ ತುಂಡು ಜೇಬಲ್ಲಿರಲಿ, ದಪ್ಪದ ಅಳತೆ ಬಾಯಲ್ಲಿ ಹೇಳೋಕಾಗಲ್ಲ, ಅಲ್ವಾ?