ದಿಲ್ಲಿಯೋ ಕಾಶಿಯೋ

ನಮ್ಮ ಸೀಮೆಯಲ್ಲಿ 'ನಿಮಗೆ ಯಾವುದು ಬೇಕು?' ಅಂತ ಕೇಳುವವರು ಕಡಿಮೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಮಳೆ ನಮ್ಮನ್ನು ಕೇಳಿ ಬರುವುದಿಲ್ಲ, ಕೇಳಿ ಹೋಗುವುದೂ ಇಲ್ಲ. ಶೇಂಗಾ ಬಿತ್ತುತ್ತೇವೆ, ಆದರೆ ಆಯಿತು, ಆಗದಿದ್ದರೆ ಬೆಂಗಳೂರಿನ ಬಸ್ಸು. ಹೋಟೆಲಿಗೆ ಹೋಗಿ ಕೂತರೂ ಸಪ್ಲೈಯರ್ ಬಂದು, 'ಇಡ್ಲಿ ಖಾಲಿ, ಮಂಡಕ್ಕಿ ಐತೆ' ಅನ್ನುತ್ತಾನೆ. ನಾವೂ 'ಮಂಡಕ್ಕೀನೇ ಬೇಕಾಗಿತ್ತು' ಅನ್ನುವ ಮುಖ ಮಾಡುತ್ತೇವೆ. ಇಂಥ ಮನೆತನದಲ್ಲಿ ಹುಟ್ಟಿದ ನನ್ನ ತಮ್ಮನ ಮಗಳಿಗೆ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಒಂದೇ ವಾರದಲ್ಲಿ ಸೀಟು ಕೊಟ್ಟು 'ಬರ್ತೀಯೇನಮ್ಮಾ?' ಅಂತ ಕೇಳಿದ್ದು ನಮಗೆ ಅಭ್ಯಾಸವಿಲ್ಲದ ಕಷ್ಟ.

ಒಂದು ದಿಲ್ಲಿ ವಿಶ್ವವಿದ್ಯಾಲಯ. ಇನ್ನೊಂದು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಎರಡಕ್ಕೂ ಬಾಗಿಲು ಒಂದೇ, ಸಿಯುಇಟಿ ಅನ್ನುವ ಪರೀಕ್ಷೆ. ಹಿಂದೆ ದಿಲ್ಲಿಯ ಕಾಲೇಜುಗಳು ಪಿಯುಸಿ ಅಂಕ ನೋಡಿಯೇ ಸೀಟು ಕೊಡುತ್ತಿದ್ದವು. 2021ರಲ್ಲಂತೂ ಕೆಲವು ಕಾಲೇಜುಗಳ ಕಟಾಫು ನೂರಕ್ಕೆ ನೂರಕ್ಕೆ ಹೋಗಿ ನಿಂತಿತ್ತು. ನೂರರ ಮೇಲೆ ಅಂಕವಿಲ್ಲದ್ದರಿಂದ ಅದು ಅಲ್ಲೇ ನಿಂತಿತೇ ಹೊರತು ಕಾಲೇಜುಗಳ ದಾಕ್ಷಿಣ್ಯದಿಂದಲ್ಲ. 2022ರಿಂದ ಈ ಪರೀಕ್ಷೆ ಬಂತು, ಹದಿಮೂರು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ನಮ್ಮ ಹುಡುಗಿ ಯಾರಿಗೂ ಹೇಳದೆ ಅರ್ಜಿ ಹಾಕಿ, ಯಾರಿಗೂ ಹೇಳದೆ ಬರೆದು ಬಂದಿದ್ದಳು. ಹೇಳಿದ್ದರೆ ನಾವು ಆಗಲೇ ಚರ್ಚೆ ಶುರು ಮಾಡುತ್ತಿದ್ದೆವು.

ಓದುವುದು ಏನು ಅಂತ ಕೇಳಿದಾಗಲೇ ಮೊದಲ ಗಂಡಾಂತರ ಎದುರಾಯಿತು. 'ಹಿಸ್ಟರಿ' ಅಂದಳು. ಬಿ.ಎ.ಯಲ್ಲಿ.

ಇಂಜಿನಿಯರಿಂಗ್ ಅಂದಿದ್ದರೆ ಚಂದ್ರಲೋಕಕ್ಕೆ ಕಳಿಸಲೂ ನೆಂಟರು ಸಿದ್ಧರಿದ್ದರು. ಬಿ.ಎ.ಗೆ ದಿಲ್ಲಿಗೆ ಹೋಗುವುದು ಅಂದರೆ ಉಪ್ಪು ತರಲು ಸಮುದ್ರಕ್ಕೇ ಹೋದ ಹಾಗೆ ಕಂಡಿತು ಅವರಿಗೆ. 'ಬಿ.ಎ. ಇಲ್ಲೇ ಸಿಗುತ್ತಲ್ಲಪ್ಪ, ಸರ್ಕಾರಿ ಕಾಲೇಜಲ್ಲಿ. ಮಧ್ಯಾಹ್ನ ಮನೆಗೆ ಬಂದು ಊಟ ಮಾಡ್ಕೊಂಡೂ ಹೋಗಬಹುದು' ಅಂತ ನನ್ನ ಷಡ್ಡಕ ಅಂದ. ಮಾತಿನಲ್ಲಿ ಲೆಕ್ಕವಿತ್ತು. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಲೆಕ್ಕವಿರುವ ಮಾತಿಗೆ ತಟ್ಟನೆ ತಲೆ ಅಲ್ಲಾಡಿಸುವುದು ನನ್ನ ಕಸುಬಿನ ದೋಷ.

ತಮ್ಮ ಇರುವುದು ಮೊಳಕಾಲ್ಮುರಿನಲ್ಲಿ. ಎರಡು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಾನೆ. ಅವನ ಭೂಗೋಳದಲ್ಲಿ ದೂರ ಅಂದರೆ ಆಂಧ್ರದ ರಾಯದುರ್ಗ ದಾಟಿದರೆ ಶುರು. ಆ ಭಾನುವಾರ ಅವನ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಹುಡುಗಿ ಮೊಬೈಲಿನಲ್ಲಿ ದಿಲ್ಲಿಯವರ ಪರದೆ ತೆರೆದು ತೋರಿಸಿದಳು. ಅಲ್ಲಿ ಎರಡು ಗುಂಡಿ. ಒಂದು 'ಫ್ರೀಝ್', ಇನ್ನೊಂದು 'ಅಪ್‌ಗ್ರೇಡ್'. ಮೊದಲನೆಯದನ್ನು ಒತ್ತಿದರೆ ಸಿಕ್ಕಿದ ಕಾಲೇಜೇ ಗಟ್ಟಿ. ಎರಡನೆಯದನ್ನು ಒತ್ತಿದರೆ ಇದಕ್ಕಿಂತ ಮೇಲಿನದು ಸಿಗುತ್ತದೇನೋ ಅಂತ ಮುಂದಿನ ಸುತ್ತಿಗೆ ಕಾಯುವುದು. ನಮ್ಮ ಕಡೆ ಗಂಡು ನೋಡುವವರು ಈ ಪದ್ಧತಿಯನ್ನು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವುದರಿಂದ ಹೆಂಗಸರಿಗೆಲ್ಲ ಕೂಡಲೇ ಅರ್ಥವಾಯಿತು. ಗಂಡಸರಿಗೆ ಎರಡು ಸಲ ಹೇಳಬೇಕಾಯಿತು.

ನಮ್ಮ ಅಮ್ಮನದು ಮಾತ್ರ ನೇರ ಕಾಶಿ ಪಕ್ಷ. ಮುಜರಾಯಿ ಇಲಾಖೆಯವರು ಕಾಶಿಯಾತ್ರೆಗೆ 5,000 ರೂಪಾಯಿ ಸಹಾಯಧನ ಕೊಡುತ್ತಾರೆ ಅಂತ ಪೇಪರಿನಲ್ಲಿ ಬಂದಾಗಿನಿಂದ ಆಕೆ ನನ್ನ ಬೆನ್ನು ಬಿದ್ದಿದ್ದಳು. ನಾನು ಮಂಡಿನೋವು, ಬಿಸಿಲು, ಚಳಿ ಎಲ್ಲವನ್ನೂ ಒಂದಾದ ಮೇಲೊಂದರಂತೆ ಮುಂದಿಟ್ಟು ತಪ್ಪಿಸಿಕೊಂಡಿದ್ದೆ. ಈಗ ಮೊಮ್ಮಗಳಿಗೇ ಅಲ್ಲಿ ಮೂರ್ನಾಲ್ಕು ವರ್ಷ ವಾಸ ಅಂದಾಗ ಆಕೆಯ ಮುಖ ನೋಡಬೇಕಿತ್ತು. 'ಕಾಶಿಗೆ ಹೋಗೋ ವಯಸ್ಸು ನಂದು, ಹೋಗೋ ಯೋಗ ಇವಳ್ದು' ಅಂತ ಗೊಣಗಿದಳು. ಆದರೂ ಗೊಣಗಿನಲ್ಲಿ ಸಂಭ್ರಮವೇ ಹೆಚ್ಚಿತ್ತು.

'ಹೆಣ್ಣುಮಗು, ಅಷ್ಟು ದೂರ' ಅಂತ ಯಾರೋ ರಾಗ ಎಳೆದರು. ಅಮ್ಮ ಅವರ ಕಡೆ ತಿರುಗಿ, 'ನಿನ್ನ ಮಗ ಮದುವೇಲಿ ಕೊಡೆ ಹಿಡ್ಕೊಂಡು ಕಾಶಿಗೆ ಹೊಂಟೆ ಅಂತ ಛತ್ರದ ಬಾಗಿಲವರೆಗೆ ಹೋಗಿ ಬಂದ್ನಲ್ಲ, ಅವನನ್ನೇ ಕಳಿಸಬೇಕಾಗಿತ್ತು' ಅಂದಳು. ಓದಲು ಕಾಶಿಗೆ ಹೊರಟ ಹುಡುಗನನ್ನು ತಡೆದು, ಬೆಲ್ಲ ಕೊಟ್ಟು, ಹೆಣ್ಣು ಕೊಟ್ಟು ವಾಪಸ್ ಕರೆತರುವ ಆ ಶಾಸ್ತ್ರವನ್ನು ನಾನೂ ಎಷ್ಟೋ ಮದುವೆಗಳಲ್ಲಿ ನೋಡಿ ನಕ್ಕಿದ್ದೇನೆ. ಇಷ್ಟು ಶತಮಾನದಲ್ಲಿ ನಮ್ಮ ಪೈಕಿ ಛತ್ರದ ಬಾಗಿಲು ದಾಟಿ ನಿಜವಾಗಿ ಹೊರಟವಳು ಇವಳೇ ಮೊದಲಿರಬೇಕು. ತಡೆಯಲು ಬೆಲ್ಲ ಹಿಡಿದು ನಿಲ್ಲಬೇಕಾದ ಮಾವ ಇನ್ನೂ ಗೊತ್ತಾಗಿಲ್ಲ.

ಅವಳ ಸ್ವಂತ ಸೋದರಮಾವನೂ ಕಾಶಿ ಪಕ್ಷವೇ, ಕಾರಣ ಬೇರೆ. ಅವನು ನೇಕಾರ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಸೊಂಟದಿಂದ ಮೇಲೆ ಮಾತ್ರ ಮನುಷ್ಯ, ಕೆಳಗೆಲ್ಲ ಮಗ್ಗ. ಮೊಳಕಾಲ್ಮುರು ಸೀರೆಗೆ ಒಡಲಿನದೇ ಒಂದು ಬಣ್ಣ, ಅಂಚಿನದೇ ಒಂದು. ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು, ಹೀಗೆ ಮೂರು ಲಾಳಿ ಓಡಬೇಕು. ಅಂಚಿನ ಎಳೆ ಒಡಲಿನ ಎಳೆಯನ್ನು ಪ್ರತಿ ಸಾಲಿನಲ್ಲೂ ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಸೀರೆ ಉಟ್ಟವರ ಮೈಮೇಲೆ ಅಂಚು ಬೇರೆ, ಸೀರೆ ಬೇರೆ. ಹಾಗಾಗಿ ಆ ಕಡೆಯ ಲಾಳಿ ತಳ್ಳಲು ಒಬ್ಬರು ಕೂರುತ್ತಾರೆ. ನಮ್ಮ ಹುಡುಗಿ ಆ ಜಾಗದಲ್ಲಿ ಕೂತೇ ದೊಡ್ಡವಳಾದದ್ದು, ಮಡಿಲಲ್ಲಿ ಪಠ್ಯಪುಸ್ತಕ ತೆರೆದಿಟ್ಟುಕೊಂಡು. ಮಾವನಿಗೆ ಬನಾರಸ್ ಅಂದರೆ ವಿಶ್ವವಿದ್ಯಾಲಯ ಆಮೇಲೆ, ಮೊದಲು ಸೀರೆ. 'ಅವರ ಬುಟ್ಟಾದ ಹಿಂಬದಿ ಎಂಗಿರ್ತೈತೆ, ಎಳೆ ಕತ್ತರಿಸ್ತಾರೋ ಇಲ್ಲ ಒಂದೊಂದನ್ನೇ ಸುತ್ತಿ ಬಿಡ್ತಾರೋ, ಫೋಟೋ ಹೊಡೆದು ಕಳಿಸವ್ವ. ಮುಂದಿನದ್ದು ಬೇಡ. ಮುಂದಿನದ್ದು ಎಲ್ಲರೂ ತೋರಿಸ್ತಾರೆ' ಅಂದ. ಅವತ್ತು ನಾನು ಕೇಳಿದ ಮಾತುಗಳಲ್ಲಿ ವಿದ್ಯೆಗೆ ಹತ್ತಿರವಾದದ್ದು ಇದೊಂದೇ.

ದಿಲ್ಲಿ ಪಕ್ಷಕ್ಕೆ ಬಲ ಬಂದದ್ದು ನಿವೃತ್ತ ಮೇಷ್ಟ್ರೊಬ್ಬರಿಂದ. ಅವರು ಬಸ್ಸಿನಲ್ಲಿ ನನ್ನ ಜೊತೆಯೇ ಬಂದಿದ್ದರು. ಚಳ್ಳಕೆರೆ ಬಿಟ್ಟು ಬಳ್ಳಾರಿ ರಸ್ತೆಯಲ್ಲಿ ತಳುಕು ಬಂದ ಕೂಡಲೇ ಅವರು ಸೀಟಿನಲ್ಲಿ ನೆಟ್ಟಗೆ ಕೂರುತ್ತಾರೆ. ಟಿ.ಎಸ್. ವೆಂಕಣ್ಣಯ್ಯನವರ ಊರು. ಇದೇ ಬಯಲಿನಿಂದ ಹೊರಟು, ಮೈಸೂರು ಸೇರಿ, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದವರು. ಕುವೆಂಪು ಅವರ ಗುರು; 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಅವರಿಗೇ. ಮೇಷ್ಟ್ರ ವಾದ ಇಷ್ಟು: ಆಗ ಮೈಸೂರು ಎಷ್ಟು ದೂರವೋ ಈಗ ದಿಲ್ಲಿ ಅಷ್ಟೇ ದೂರ, ಗುಂತಕಲ್ಲಿಗೆ ಹೋಗಿ ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮುಗಿಯಿತು. ಜೊತೆಗೆ ದಿಲ್ಲಿಯಲ್ಲಿ ಕರ್ನಾಟಕ ಸಂಘವಿದೆ, ಕರ್ನಾಟಕ ಭವನವಿದೆ, ಐಎಎಸ್ ಕೋಚಿಂಗಿಗೆ ಹೋದ ನಮ್ಮ ಹುಡುಗರು ಓಣಿ ಓಣಿಗೆ ಇದ್ದಾರೆ. ಐಎಎಸ್ ಅನ್ನುವ ಪದ ಬಿದ್ದದ್ದೇ ತಡ, ಬಿ.ಎ. ಹಿಸ್ಟರಿಯ ಮರ್ಯಾದೆ ಪಡಸಾಲೆಯಲ್ಲಿ ಒಂದು ಗೇಣು ಏರಿತು. ಷಡ್ಡಕ ಕೂಡ, 'ಹಂಗಂತ ಮೊದಲೇ ಹೇಳಬಾರದಾ?' ಅಂದ.

ನಾನೂ ಸುಮ್ಮನಿರಲಿಲ್ಲ. ಬನಾರಸ್ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಅಂತ ಓದಿದ್ದು ನೆನಪಿತ್ತು, ಹೇಳಿದೆ. ಅತ್ತ ಬನಾರಸ್ಸು, ಇತ್ತ ಮೈಸೂರು, ಎರಡೂ ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲೇ. ಅಮ್ಮ, 'ಹಂಗಾದ್ರೆ ನಮ್ಮ ಮಾರಾಜ್ರದ್ದೇ ಅನ್ನು. ಫೀಜು ಕಮ್ಮಿ ಮಾಡ್ತಾರಾ?' ಅಂತ ಕೇಳಿದಳು. ಇತಿಹಾಸಕ್ಕೆ ನಮ್ಮ ಮನೆಯಲ್ಲಿ ಯಾವಾಗಲೂ ಇದೇ ಗತಿ.

ಊಟ ಮಾಡುವಾಗ ಇನ್ನೊಂದು ಮಾತು ಬಂತು. ಇವಳು ಅಷ್ಟು ದೂರ ಹೊರಟಿದ್ದಾಳೆ. ಆದರೆ ದೊಡ್ಡ ಸಂಸ್ಥೆಗಳೇ ನಮ್ಮ ಊರಿಗೆ ಬಂದು ಕೂತಿವೆಯಲ್ಲ? ನಾಯಕನಹಟ್ಟಿ ಕಡೆ ಖುದಾಪುರದ ಅಮೃತಮಹಲ್ ಕಾವಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿದೆ. ಬನಾರಸ್ಸಿನ ಇಡೀ ಆವರಣವೇ ಸುಮಾರು 1,300 ಎಕರೆ. ಎಕರೆಯ ಲೆಕ್ಕದಲ್ಲಿ ಚಳ್ಳಕೆರೆ ಕಾಶಿಯನ್ನು ಸೋಲಿಸಿದೆ ಅನ್ನುವುದು ನನ್ನ ಪಾಲಿಗೆ ಸಣ್ಣ ಸಂತೋಷವಲ್ಲ. ಪಕ್ಕದಲ್ಲೇ ವಿಮಾನ ಪರೀಕ್ಷೆ ಮಾಡುವ ಡಿಆರ್‌ಡಿಒ, ಜೊತೆಗೆ ಇಸ್ರೋ, ಅಣುಶಕ್ತಿಯವರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಕಾಲೇಜು ಮೇಷ್ಟ್ರುಗಳಿಗೆ ಒಳ್ಳೆಯ ತರಬೇತಿ ಕೊಡುತ್ತಾರೆ. ಆದರೆ ನಮ್ಮ ಹುಡುಗಿಗೆ ಬೇಕಾದ ಬಿ.ಎ. ಅಲ್ಲಿಲ್ಲ. ಕಾವಲಿಗೆ ಗೋಡೆ ಬಂದ ಮೇಲೆ ಕುರಿಯವರು ಸುತ್ತು ಹೊಡೆದು ಹೋಗುತ್ತಾರೆ, ವಿಮಾನ ನೇರ ಹೋಗುತ್ತದೆ, ನಮ್ಮ ಮಕ್ಕಳು ಗುಂತಕಲ್ಲಿಗೆ ಹೋಗುತ್ತಾರೆ.

ಅಷ್ಟರಲ್ಲಿ ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ, 'ದೊಡ್ಡಪ್ಪ, ಅವನೂ ಹಂಗೇ ಬಂದಿದ್ದಲ್ಲ?' ಅಂದಳು.

'ಯಾರು?'

'ಚಪಡ.'

ನನಗೆ ಮಿಲ್ಲಿನ ಹಮಾಲರಲ್ಲಿ ಆ ಹೆಸರಿನವರು ಯಾರೂ ನೆನಪಾಗಲಿಲ್ಲ. ಆಮೇಲೆ ತಿಳಿಯಿತು, ಅವಳು ಬ್ರಹ್ಮಗಿರಿಯ ಬಂಡೆಯ ಮಾತಾಡುತ್ತಿದ್ದಾಳೆ ಅಂತ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದ; ಅವನಿಗೂ ಮೊದಲೇ ನಮ್ಮ ಎಂ.ಎಚ್. ಕೃಷ್ಣ ಅಗೆದಿದ್ದರು. ಶಾಲೆಯಿಂದ ಎಲ್ಲ ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಮಕ್ಕಳು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಬರುತ್ತಾರೆ. ಇವಳು ಮಾತ್ರ ಓದಿ ಬಂದಿದ್ದಳು. ಸುವರ್ಣಗಿರಿಯ ರಾಜಕುಮಾರನ ಕಡೆಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ಆಮೇಲೆ ಆಜ್ಞೆ ಹೇಳುತ್ತದೆ. ಈಗಿನ ಸುತ್ತೋಲೆಗಳಲ್ಲಿ ಮೊದಲನೆಯದು ಬಿಟ್ಟುಹೋಗಿದೆ. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತೆಲ್ಲ ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ, ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿ ಲಿಪಿ. 'ಲಿಪಿಕಾರ' ಅನ್ನುವ ತನ್ನ ಕಸುಬಿನ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಆ ಲಿಪಿ ನಡೆಯುತ್ತಿದ್ದದ್ದು ದೂರದ ಗಾಂಧಾರ, ತಕ್ಷಶಿಲೆಯ ಕಡೆ. ಅವನು ಆ ದಿಕ್ಕಿನವನೇ ಇರಬೇಕು ಅಂತ ವಿದ್ವಾಂಸರ ಊಹೆ.

'ಅವನಿಗೆ ಊರಲ್ಲಿ ಏನಂದಿರಬೇಕು ದೊಡ್ಡಪ್ಪ? ಬರೆಯೋ ಕೆಲಸ ಇಲ್ಲೇ ಐತಲ್ಲ, ಅಲ್ಲೀವರೆಗೆ ಯಾಕೆ ಹೋಗ್ತೀಯ ಅಂತ?'

ಮೇಷ್ಟ್ರು ಪಕಪಕ ನಕ್ಕರು. ನಾನು ನಗುತ್ತಲೇ ಯೋಚನೆಗೆ ಬಿದ್ದೆ. ನಾವು ಕೂತು ಅನ್ನ ಕಲಸುತ್ತಿದ್ದ ಜಾಗ ಯಾರಿಗೋ 2,200 ವರ್ಷಗಳ ಹಿಂದೆ ಕಡುದೂರದ ಪೋಸ್ಟಿಂಗು. ಬಿಸಿಲು, ಬಂಡೆ, ಗೊತ್ತಿಲ್ಲದ ಭಾಷೆ. ಸಹಿ ಹಾಕುವಾಗ ಅವನ ಕೈ ಊರ ಲಿಪಿಯ ಕಡೆ ತಿರುಗಿದೆ. ಹಾಸ್ಟೆಲಿನ ಗೋಡೆಯ ಮೇಲೆ ಕನ್ನಡದಲ್ಲಿ ಹೆಸರು ಕೆತ್ತಿ ಬಂದ ನಮ್ಮ ಹುಡುಗರಿಗೆ ವಾರ್ಡನ್ ಬೈಯುತ್ತಾರೆ. ಚಪಡನ ಗೀಚಿಗೆ ಮಾತ್ರ ಪುರಾತತ್ವ ಇಲಾಖೆಯ ಕಾವಲು.

ಹುಡುಗಿ ಬನಾರಸ್ ಆರಿಸಿದಳು. ಕಾರಣ ಕೇಳಿದಾಗ ಹೇಳಿದ್ದು: ಅಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವಕ್ಕೇ ಹಳೆಯ, ದೊಡ್ಡ ವಿಭಾಗವಿದೆ, ಹತ್ತಿರದಲ್ಲೇ ಸಾರನಾಥ, ನಮ್ಮೂರ ಬಂಡೆ ಬರೆಸಿದವನೇ ಅಲ್ಲಿ ಕಂಬ ನಿಲ್ಲಿಸಿದ್ದಾನೆ. ಕೇಳಿದವರೆಲ್ಲ ಭೇಷ್ ಅಂದರು. ಎರಡು ದಿನ ಬಿಟ್ಟು ನನ್ನೊಬ್ಬನಿಗೆ ಫೋನು ಮಾಡಿ, 'ದಿಲ್ಲಿ ಕಾಲೇಜಲ್ಲಿ ಹಾಸ್ಟೆಲ್ ಸಿಗೋದು ಕಷ್ಟ ದೊಡ್ಡಪ್ಪ, ಹೊರಗೆ ಪಿಜಿಗೆ ತಿಂಗಳಿಗೆ ಎಷ್ಟು ಕೇಳ್ತಾರೆ ಗೊತ್ತಾ? ಅಪ್ಪ ಎಷ್ಟು ಸೀರೆ ನೇಯಬೇಕು? ಬನಾರಸ್ಸಲ್ಲಿ ಹಾಸ್ಟೆಲ್ಲು ಒಳಗೇ ಐತೆ' ಅಂದಳು. ಸಾರನಾಥ ಸುಳ್ಳಲ್ಲ, ಹಾಸ್ಟೆಲ್ಲೂ ಸುಳ್ಳಲ್ಲ. ಸಭೆಯಲ್ಲಿ ಯಾವುದನ್ನು ಹೇಳಬೇಕು, ಲೆಕ್ಕ ಬರೆಯುವ ದೊಡ್ಡಪ್ಪನಿಗೆ ಯಾವುದನ್ನು ಹೇಳಬೇಕು ಅನ್ನುವುದು ಅವಳಿಗೆ ಗೊತ್ತಿದೆ. ಐಎಎಸ್ ಆದರೂ ಆದಾಳು.

ಅಮ್ಮ ಪ್ರಯಾಣಕ್ಕೆ ಮೊದಲು ಸಿದ್ಧಪಡಿಸಿದ್ದು ಕಂಬಳಿ. ಉತ್ತರದ ಚಳಿಗೆ ರಗ್ಗು ಸಾಲದು ಅಂತ ಆಕೆಯ ತೀರ್ಮಾನ. ಚಳ್ಳಕೆರೆಯ ಕಂಬಳಿ ಸಂತೆಯಿಂದ ನಾನೇ ತಂದೆ. ಹೊಸ ಕಂಬಳಿ ಅಂದರೆ ಹುಣಸೆಬೀಜದ ಗಂಜಿ ಕುಡಿದು ಸೆಟೆದು ನಿಂತಿರುತ್ತದೆ; ಮಡಿಸಿದರೆ ಮಡಿಕೆ ಬೀಳುವುದಿಲ್ಲ, ಗೋಡೆಗೆ ಒರಗಿಸಿದರೆ ಒರಗಿಕೊಂಡೇ ಇರುತ್ತದೆ. ಕುರಿ, ಹುಣಸೆ ಎರಡರದೂ ಸೇರಿದ ವಾಸನೆ. ಹುಡುಗಿ ಅದನ್ನು ಹೊದ್ದು ನೋಡಿ, ಕತ್ತು ಕೆರೆದುಕೊಂಡು, 'ರೂಮ್‌ಮೇಟ್ ಓಡಿಹೋಗ್ತಾಳೆ ಅಜ್ಜಿ' ಅಂದಳು. 'ಹೋಗಲಿ ಬಿಡು, ನಿಂಗೆ ಜಾಗ ಆಗ್ತೈತೆ' ಅಂದಳು ಅಮ್ಮ. ಶೇಂಗಾ ಚಟ್ನಿಪುಡಿಯ ಡಬ್ಬ ಕಂಬಳಿಯ ನಡುವೆ ಕೂತಿತು.

ಹೊರಡುವ ಹಿಂದಿನ ದಿನ ಅಮ್ಮನಿಗೆ ಇನ್ನೊಂದು ನೆನಪಾಯಿತು. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಅಲ್ಲಿ ಬಿಟ್ಟುಬರಬೇಕು. ಸಾಮಾನ್ಯವಾಗಿ ಜನ ಹಾಗಲಕಾಯಿಯಂಥದ್ದನ್ನು ಆರಿಸಿಕೊಂಡು ದೇವರಿಗೇ ಟೋಪಿ ಹಾಕುತ್ತಾರೆ. ಅಮ್ಮ ಅದಕ್ಕೆ ಒಪ್ಪುವವಳಲ್ಲ. 'ನಿಂಗೆ ಇಷ್ಟವಾದದ್ದು ಯಾವುದು, ಹೇಳು' ಅಂತ ಹಿಡಿದು ಕೂರಿಸಿದಳು. ಹುಡುಗಿ ಯೋಚಿಸುತ್ತಿರುವಾಗಲೇ ತಮ್ಮ, 'ಮೊಬೈಲ್ ಬಿಡಲಿ' ಅಂದ. ಅವನ ಹೆಂಡತಿ ಒಳಗಿನಿಂದಲೇ, 'ಮತ್ತೆ ದಿನಾ ರಾತ್ರಿ ಫೋನು ಮಾಡೋದು ನೀವಾ?' ಅಂತ ಕೇಳಿದಳು. ಸೋದರಮಾವನಿಗೆ ಬುಟ್ಟಾದ ಹಿಂಬದಿಯ ಫೋಟೋ ಬೇರೆ ಬರಬೇಕಿತ್ತು. ತೀರ್ಮಾನವನ್ನು ಮುಂದಿನ ಸುತ್ತಿಗೆ ಇಟ್ಟುಕೊಂಡಿದ್ದೇವೆ.