ಶೇ 85ರ ಸೈಕಲ್ಲು

ಅಂಗಡಿಗೆ ಹೋಗಿ ಸೈಕಲ್ಲು ತರುವವರು ಈಗ ಹಳೇ ಕಾಲದವರು. ತಿಳಿದವರ ಮನೆಗೆ ಅದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ಬರುತ್ತದೆ. ‘ಶೇ 85ರಷ್ಟು ಜೋಡಿಸಲಾಗಿದೆ’ ಎಂಬ ಒಕ್ಕಣೆಯೂ ಅದರ ಜೊತೆಗೆ ಬರುತ್ತದೆ. ಮದುವೆ ಊಟಕ್ಕೆ ಕರೆದು, ‘ಅನ್ನ ನೂರಕ್ಕೆ ಎಂಬತ್ತೈದು ಪಾಲು ಬೆಂದಿದೆ, ಉಳಿದದ್ದು ನಿಮ್ಮ ಹೊಟ್ಟೆಯಲ್ಲೇ ಬೇಯಲಿ’ ಅಂದರೆ ಎಲೆ ಬಿಟ್ಟು ಏಳುತ್ತೇವೆ. ಸೈಕಲ್ಲಿಗೆ ಮಾತ್ರ ಹಣ ಮೊದಲೇ ಕಟ್ಟಿ, ಪೆಟ್ಟಿಗೆ ತಂದ ಹುಡುಗನಿಗೆ ಒಟಿಪಿಯನ್ನೂ ಒಪ್ಪಿಸುತ್ತೇವೆ.

ಏಳೆಂಟು ಸಾವಿರ ರೂಪಾಯಿಗೆ ಏನೇನು ಕೊಟ್ಟಿದ್ದಾರೆ ನೋಡಿ. 21 ಗೇರು, ಹಿಂದೆ ಮುಂದೆ ಡಿಸ್ಕ್ ಬ್ರೇಕು, ಮುಂದಕ್ಕೆ ಸಸ್ಪೆನ್ಷನ್ನು, ಹಿಮಾಲಯ ಹತ್ತುವಂಥ ಟೈರು, ಹುಲಿಯೋ ಸಿಡಿಲೋ ಇರುವ ಸ್ಟಿಕ್ಕರು. ಇಷ್ಟೆಲ್ಲ ಸಿಕ್ಕ ಮೇಲೂ ಚಕ್ರ ನೆಟ್ಟಗೆ ತಿರುಗಬೇಕು ಅನ್ನುವುದು ಗಿರಾಕಿಯ ದುರಾಸೆ.

ಚಕ್ರ ನೆಟ್ಟಗಿರುವುದು ರಿಮ್ಮಿನ ಸದ್ಗುಣದಿಂದಲ್ಲ, ಕಡ್ಡಿಗಳ ಹಗ್ಗಜಗ್ಗಾಟದಿಂದ. ಅರ್ಧ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಅರ್ಧ ಬಲಕ್ಕೆ. ಎರಡು ಪಕ್ಷವೂ ಸಮವಾಗಿ ಎಳೆದಷ್ಟು ಹೊತ್ತು ರಿಮ್ಮು ನಡುವೆ ನಿಂತಿರುತ್ತದೆ. ಕಾರ್ಖಾನೆಯ ಯಂತ್ರ ಸುಮಾರಾಗಿ ಬಿಗಿ ಮಾಡಿ ಕೊಟ್ಟೀತು. ಕೊನೆಯ ಆ ಸಮತೂಕಕ್ಕೆ ಒಬ್ಬ ಮನುಷ್ಯ ಕೂತು, ಒಂದೊಂದೇ ಕಡ್ಡಿ ಮುಟ್ಟಿ ನೋಡಬೇಕು. ಅವನಿಗೆ ಸಂಬಳ ಕೊಡಬೇಕು. ಗೇರಿನ ಲೆಕ್ಕವನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಬಹುದು, ಕಡ್ಡಿಯ ಬಿಗಿ ಫೋಟೋದಲ್ಲಿ ಬರುವುದಿಲ್ಲ. ಹಾಗಾಗಿ ಬೆಲೆ ಇಳಿಸಲು ಹೊರಟವರ ಕತ್ತರಿ ಎಲ್ಲಿಗೆ ಹೋಗುತ್ತದೆಂದು ಊಹಿಸಲು ಜ್ಯೋತಿಷ್ಯ ಬೇಡ.

ಡಿಸ್ಕ್ ಬ್ರೇಕಿನ ಮಹಿಮೆಯೂ ಇಲ್ಲೇ ಇದೆ. ಹಳೇ ಸೈಕಲ್ಲಿನಲ್ಲಿ ರಿಮ್ಮು ಸ್ವಲ್ಪ ಸೊಟ್ಟಗಾದರೂ ಬ್ರೇಕ್ ಕಟ್ಟೆಗೆ ಉಜ್ಜಿ ಕುಯ್ಯೋ ಎಂದು ಚಾಡಿ ಹೇಳುತ್ತಿತ್ತು. ಡಿಸ್ಕ್ ಬ್ರೇಕು ರಿಮ್ಮಿನ ಗೊಡವೆಗೇ ಹೋಗುವುದಿಲ್ಲ. ಚಕ್ರ ಕುಡಿದವನ ನಡಿಗೆ ಕಲಿತರೂ ಮಗು ‘ಅಪ್ಪಾ, ಹ್ಯಾಂಡಲ್ ನಡುಗತ್ತೆ’ ಅನ್ನುವವರೆಗೆ ಮನೆಯಲ್ಲಿ ಶಾಂತಿ.

ಆಮೇಲೆ ಕಸ್ಟಮರ್ ಕೇರು. ‘ಹೊಸದಲ್ವಾ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗತ್ತೆ’ ಎಂಬ ಸಾಂತ್ವನ. ಸೆಟ್ ಆಗುವುದೇನೋ ನಿಜ. ಹೊಸ ಕಡ್ಡಿಗಳು ಮೊದಲ ಕೆಲವು ವಾರ ತಮ್ಮ ತಮ್ಮ ತೂತಿನಲ್ಲಿ ಕೂತು, ಇದ್ದ ಬಿಗಿಯನ್ನೂ ಕಳೆದುಕೊಳ್ಳುತ್ತವೆ. ಅಂದರೆ ಸೊಟ್ಟಗಿದ್ದ ಚಕ್ರ ಸೊಟ್ಟತನದಲ್ಲೇ ಸೆಟ್ ಆಗುತ್ತದೆ. ವಾರಂಟಿ ಕಾರ್ಡು ತೆಗೆದರೆ ಫ್ರೇಮಿಗೆ ವರ್ಷಗಟ್ಟಲೆ ಭರವಸೆ. ಚಕ್ರದ ವಿಷಯಕ್ಕೆ ಬರುವಾಗ ಅಕ್ಷರ ಸಣ್ಣದಾಗುತ್ತದೆ.

ಸರ್ಕಾರ ಕೈಕಟ್ಟಿ ಕೂತಿದೆ ಅನ್ನಬೇಡಿ. ಸೈಕಲ್ಲಿನ ರಿಫ್ಲೆಕ್ಟರಿಗಾಗಿಯೇ ಕೇಂದ್ರ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದೆ. ಓಲಾಡುವ ಚಕ್ರ ಕತ್ತಲಲ್ಲಿ ಪ್ರಮಾಣಿತ ಹೊಳಪಿನಿಂದ ಓಲಾಡಲಿ ಎಂದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿಯೂ ಶೇ 12ರಿಂದ 5ಕ್ಕೆ ಇಳಿಯಿತು. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ಲು ಹಂಚಿತು. ಎಷ್ಟೋ ಹಳ್ಳಿ ಹುಡುಗಿಯರು ಹೈಸ್ಕೂಲು ಬಿಡದಿದ್ದುದಕ್ಕೆ ಆ ಸೈಕಲ್ಲೂ ಕಾರಣ, ಅದರ ಬಗ್ಗೆ ತಮಾಷೆ ಇಲ್ಲ. ಕಳಪೆ ಎಂಬ ದೂರುಗಳೂ ಬಂದವು. ಟೆಂಡರಿನಲ್ಲಿ ಗೆಲ್ಲುವುದು ಕಡಿಮೆ ದರ. ಬಿಗಿ ಕಡ್ಡಿಗೆ ಅಲ್ಲಿ ಯಾವ ಅಂಕವೂ ಇಲ್ಲ.

ಇಷ್ಟಾದ ಮೇಲೆ ಮನೆಯ ಯಜಮಾನರೇ ರಂಗಕ್ಕಿಳಿಯುತ್ತಾರೆ. ಯೂಟ್ಯೂಬಿನಲ್ಲಿ ನೋಡಿಯಾಗಿದೆ, ಕಡ್ಡಿ ತಿರುಗಿಸುವ ಕೀಲಿಯನ್ನು ಅದೇ ಆನ್‌ಲೈನಿನಲ್ಲಿ ತರಿಸಿಯೂ ಆಗಿದೆ. ಕಡ್ಡಿ ತುದಿಯ ನಿಪ್ಪಲ್ಲನ್ನು ಟೈರಿನ ಕಡೆಯಿಂದ ನೋಡುತ್ತ ಬಲಕ್ಕೆ ತಿರುಗಿಸಿದರೆ ಬಿಗಿ. ಯಜಮಾನರು ನೋಡುವುದು ಹಬ್ಬಿನ ಕಡೆಯಿಂದ. ಹೀಗಾಗಿ ಬಿಗಿ ಮಾಡುತ್ತೇನೆಂದು ಅರ್ಧ ಕಡ್ಡಿ ಸಡಿಲಿಸುತ್ತಾರೆ. ತಪ್ಪು ಹೊಳೆದ ಮೇಲೆ ರೋಷದಿಂದ ಸಿಕ್ಕಸಿಕ್ಕದ್ದನ್ನೆಲ್ಲ ಬಿಗಿಯುತ್ತಾರೆ. ಪಕ್ಕಕ್ಕೆ ಓಲಾಡುತ್ತಿದ್ದ ಚಕ್ರ ಈಗ ಮೇಲೆ ಕೆಳಗೂ ಕುಣಿಯುತ್ತದೆ.

ಕೊನೆಗೆ ಸೈಕಲ್ಲು ಹೋಗುವುದು ರಸ್ತೆ ತಿರುವಿನ ಪಂಕ್ಚರ್ ಅಂಗಡಿಗೇ. ಆತ ಅದನ್ನು ತಲೆಕೆಳಗೆ ನಿಲ್ಲಿಸಿ, ಮೊದಲು ರಿಮ್ಮು ಹಿಡಿದು ಅತ್ತಿತ್ತ ಅಲುಗಿಸುತ್ತಾನೆ. ಟಕಟಕ ಅಂದರೆ ದೋಷ ಅಚ್ಚಿನ ಕೋನ್ ನಟ್ಟಿನದು, ಕಡ್ಡಿಗೆ ಕೈ ಹಚ್ಚುವ ಮಾತೇ ಇಲ್ಲ. ಅಲ್ಲಿ ಸದ್ದಿಲ್ಲದಿದ್ದರೆ ಚಕ್ರ ತಿರುಗಿಸಿ, ಫೋರ್ಕಿಗೆ ಕೈಯೂರಿ ಸೀಮೆಸುಣ್ಣ ಹಿಡಿಯುತ್ತಾನೆ. ರಿಮ್ಮು ಉಬ್ಬಿದಲ್ಲಿ ಗುರುತು ಬೀಳುತ್ತದೆ. ಆ ಜಾಗದಲ್ಲಿ ಎದುರು ಬದಿಯ ಕಡ್ಡಿಗೆ ಕಾಲು ಸುತ್ತು ಬಿಗಿ, ಉಬ್ಬಿದ ಬದಿಯದಕ್ಕೆ ಕಾಲು ಸುತ್ತು ಸಡಿಲ. ಮತ್ತೆ ತಿರುಗಿಸಿ ನೋಡು, ಮತ್ತೆ ಕಾಲು ಸುತ್ತು. ಅವಸರ ಅವನ ಜಾಯಮಾನದಲ್ಲಿಲ್ಲ. ಮೊದಲೆಲ್ಲ ಸೈಕಲ್ಲು ಮಾರುವ ಅಂಗಡಿಯಲ್ಲೇ ಇಂಥವನೊಬ್ಬ ಬೆಂಡ್ ತೆಗೆದು, ಎರಡು ಸುತ್ತು ಓಡಿಸಿ ನೋಡಿ ಕೈಗೆ ಕೊಡುತ್ತಿದ್ದ. ಅದಕ್ಕೆ ಬೇರೆ ಬಿಲ್ಲಿರಲಿಲ್ಲ. ಆನ್‌ಲೈನಿನಲ್ಲಿ ನಾವು ಉಳಿಸಿದ ಐನೂರು ರೂಪಾಯಿ ಅವನದೇ.

‘ಎಷ್ಟಪ್ಪಾ?’

‘ನೂರೈವತ್ತು ಕೊಡಿ ಸಾರ್.’

‘ಬರೀ ಕಡ್ಡಿ ತಿರುಗಿಸೋಕೆ ನೂರೈವತ್ತಾ? ನೂರು ಇಟ್ಕೋ.’

ಡೆಲಿವರಿ ಚಾರ್ಜು, ಪ್ಲಾಟ್‌ಫಾರ್ಮ್ ಫೀ ಎಲ್ಲವನ್ನೂ ಮರುಮಾತಿಲ್ಲದೆ ಕಟ್ಟಿದ ಬೆರಳು ಈಗ ಐವತ್ತು ರೂಪಾಯಿ ಗೆದ್ದ ಹುರುಪಿನಲ್ಲಿ ಕ್ಯೂಆರ್ ಕೋಡಿನ ಮುಂದೆ ಮೊಬೈಲು ಹಿಡಿಯುತ್ತದೆ. ರಾತ್ರಿ ಅದೇ ಬೆರಳು ಕಂಪನಿಗೆ ಐದು ನಕ್ಷತ್ರ ಒತ್ತಿ ಬರೆಯುತ್ತದೆ: ‘ಸೂಪರ್ ಸೈಕಲ್, ಬೆಲೆಗೆ ತಕ್ಕ ಮಾಲು. ಚಕ್ರ ಬೆಣ್ಣೆ ಥರ ಓಡತ್ತೆ. ಕಣ್ಮುಚ್ಚಿ ತಗೊಳ್ಳಿ.’