ದೂರಲಕ್ಷ್ಯ ಮೀಮಾಂಸೆ ಅಥವಾ ಧರ್ಮರಾಯನ ಪುನಃಪ್ರತಿಷ್ಠೆ

ಅನುಬಂಧ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ನಿರೂಪಿಸತಕ್ಕದ್ದೆಂದು ಪೂರ್ವಸೂರಿಗಳು ವಿಧಿಸಿರುವುದರಿಂದ ಪ್ರಕೃತ ಲೇಖಕನೂ ಆ ಕಟ್ಟಳೆಗೆ ತಲೆಬಾಗುತ್ತಾನೆ. ವಿಷಯವು, ಅರ್ಧ ಮೈಲಿಯಷ್ಟು ದೂರದಲ್ಲಿ ನಿಲ್ಲಿಸಿದ ಹಲಗೆಯೊಂದರ ನಡುವನ್ನು ರೈಫಲಿನಿಂದ, ಅದೂ ಒಂಟಿಯಾಗಿ ಅಲ್ಲದೆ ತಂಡ ಕಟ್ಟಿಕೊಂಡು, ಭೇದಿಸುವ ಪಂದ್ಯ. ಪ್ರಯೋಜನವು ಏನೂ ಇಲ್ಲ; ಹಲಗೆಯು ಯಾರಿಗೂ ಅಪಕಾರ ಮಾಡಿದ್ದಲ್ಲ, ಹೊಡೆದರೂ ಅಡಿಗೆಮನೆಗೆ ಬರತಕ್ಕ ವಸ್ತುವಲ್ಲ; ಆದಕಾರಣವೇ ಇದು ಶುದ್ಧಶಾಸ್ತ್ರಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಅರ್ಹವಾಗಿದೆ. ಸಂಬಂಧವು, ಗುಂಡಿಗೂ ಗಾಳಿಗೂ ಇರುವ ದಾಯಾದಿ ಸಂಬಂಧ. ಇನ್ನು ಅಧಿಕಾರಿಯ ಮಾತು: ಈ ಲೇಖಕನು ಒಮ್ಮೆ ಊರ ಜಾತ್ರೆಯಲ್ಲಿ, ಎಂಟಡಿ ದೂರದ ಬಲೂನಿಗೆ, ಗಾಳಿಬಂದೂಕಿನಿಂದ ಒಂದು ಗುಂಡು ಹೊಡೆದಿದ್ದಾನೆ. ಅದರ ಪರಿಣಾಮವನ್ನು ಫಲಶ್ರುತಿಯಲ್ಲಿ ನಿವೇದಿಸಲಾಗುವುದು.

ಪ್ರತಿಜ್ಞಾ ಪ್ರಕರಣ

ದ್ರೋಣಾಚಾರ್ಯನು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಮರದ ಮೇಲೆ ಕೃತಕ ಪಕ್ಷಿಯನ್ನಿರಿಸಿ, ಏನು ಕಾಣುತ್ತದೆಂದು ಕೇಳಿದಾಗ, ಧರ್ಮರಾಯನು ಮರವನ್ನೂ ಪಕ್ಷಿಯನ್ನೂ ಗುರುಗಳನ್ನೂ ತಮ್ಮಂದಿರನ್ನೂ ಕಾಣುತ್ತಿರುವೆನೆಂದನು. ಆಚಾರ್ಯನು ಬೇಸರಗೊಂಡು ಅವನನ್ನು ಪಕ್ಕಕ್ಕೆ ಸರಿಸಿದನು. ಅರ್ಜುನನು ಪಕ್ಷಿಯ ತಲೆಯೊಂದೇ ಕಾಣುತ್ತಿದೆಯೆಂದನು. ಅವನಿಗೆ ಶಿರವನ್ನು ಕತ್ತರಿಸಿ ಕೆಡಹುವ ಅಪ್ಪಣೆಯೂ ಎಲ್ಲ ಶಾಲಾಪುಸ್ತಕಗಳಲ್ಲಿ ಶಾಶ್ವತ ಸ್ಥಾನವೂ ದೊರೆತುವು. ಅಂದಿನಿಂದ ಇಂದಿನವರೆಗೆ ಉಪಾಧ್ಯಾಯ ವರ್ಗವು ಈ ಕಥೆಯನ್ನು ಏಕಾಗ್ರತೆಯ ಪಾಠವೆಂದು ಬೋಧಿಸುತ್ತ ಬಂದಿದೆ. ಆದರೆ ದೂರಲಕ್ಷ್ಯ ಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ಆ ದಿನ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ದ್ರೋಣನೇ ಹೊರತು ಧರ್ಮರಾಯನಲ್ಲವೆಂದೂ, ಮರದ ಎಲೆ ಎತ್ತ ಅಲುಗುತ್ತಿದೆ, ಜೊತೆಗಾರರು ಯಾರು ಯಾರು ಎಂಬುದೆಲ್ಲವನ್ನೂ ಒಂದೇ ನೋಟಕ್ಕೆ ಕಂಡವನನ್ನು ತಂಡದ ಕೋಚನಾಗಿ ನೇಮಿಸದೆ ಮನೆಗೆ ಕಳುಹಿಸಿದ್ದು ಮಹಾಪ್ರಮಾದವೆಂದೂ ಸಾಧಿಸುವುದೇ ಈ ಗ್ರಂಥದ ಪ್ರತಿಜ್ಞೆ.

ಲಕ್ಷಣ ಪ್ರಕರಣ

ಇಂಗ್ಲೆಂಡಿನ ಸರೆ ಪ್ರಾಂತದ ಬಿಸ್ಲಿ ಎಂಬಲ್ಲಿ 1890ರಿಂದಲೂ ಈ ವಿದ್ಯೆಯ ಗುರುಕುಲವಿದೆ. ಅದಕ್ಕೆ ಮೊದಲು, 1860ರಿಂದ, ಅದು ವಿಂಬಲ್ಡನ್ನಿನ ಬಯಲಿನಲ್ಲಿತ್ತು. ಇಂದು ಟೆನ್ನಿಸ್ ಚೆಂಡಿನಿಂದ ಪ್ರಖ್ಯಾತವಾದ ಊರು ಹಿಂದೆ ಗುಂಡಿನಿಂದ ಪ್ರಖ್ಯಾತವಾಗಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ಪಾಮಾ ಎಂಬ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಇಂದಿನ ಕಟ್ಟಳೆಯಂತೆ, ತಂಡಕ್ಕೆ 16 ಮಂದಿ. ಒಬ್ಬೊಬ್ಬನಿಗೂ 800, 900, 1000 ಗಜಗಳ ಒಂದೊಂದು ದೂರದಲ್ಲಿಯೂ ಲೆಕ್ಕಕ್ಕೆ ಬರತಕ್ಕ 15 ಗುಂಡು. ಹಲಗೆಯ ನಡುವೃತ್ತಕ್ಕೆ ಐದು ಅಂಕ. ಅದರೊಳಗೆ ಇನ್ನೂ ಕಿರಿದಾದ ವೃತ್ತವೊಂದಿದ್ದು ಅದರ ಹೆಸರು ‘ವಿ’. ಅಂಕಗಳು ಸಮನಾದಾಗ ‘ವಿ’ಗಳನ್ನು ಎಣಿಸಿ ಗೆಲುವನ್ನು ನಿರ್ಣಯಿಸುತ್ತಾರೆ. ಜಯಕ್ಕೆ ‘ವಿ’ ಎಂಬ ಉಪಸರ್ಗ ಸೇರಿದರೆ ವಿಜಯವಾಗುತ್ತದೆಂಬ ನಮ್ಮ ವೈಯಾಕರಣರ ಸೂಕ್ಷ್ಮವನ್ನು ಆಂಗ್ಲರು ಎಲ್ಲಿಂದ ತಿಳಿದರೋ, ಸಂಶೋಧನೆಗೆ ಅವಕಾಶವುಂಟು.

ಯೋಧನು ಬೋರಲು ಮಲಗಿ, ತೋಳಿಗೆ ಚರ್ಮದ ಪಟ್ಟಿಯನ್ನು ಬಿಗಿದು, ನಡುಬೇಸಗೆಯಲ್ಲಿಯೂ ದಪ್ಪನೆಯ ಅಂಗಿ ತೊಟ್ಟು, ದುರ್ಬೀನಿನ ನೆರವಿಲ್ಲದೆ, ಕಿರಿಯ ರಂಧ್ರವೊಂದರ ಮೂಲಕ ಗುರಿಯನ್ನು ನೋಡತಕ್ಕದ್ದು. ಆ ರಂಧ್ರವುಳ್ಳ ಉಪಕರಣಕ್ಕೆ ‘ಸೈಟು’ ಎಂದು ಹೆಸರು. ಬೆಂಗಳೂರಿನ ವಾಚಕರು ಇದನ್ನು ಮೂವತ್ತು-ನಲವತ್ತರ ನಿವೇಶನವೆಂದು ಭ್ರಮಿಸಿ ಅರ್ಜಿ ಗುಜರಾಯಿಸಬಾರದು. ಸೈಟನ್ನು ಅತ್ತಿತ್ತ ಸರಿಸುವ ಅಳತೆಯು ವೃತ್ತದ 21,600ನೆಯ ಒಂದು ಭಾಗ. ನಮ್ಮ ಜ್ಯೋತಿಷಿಗಳು ಇದನ್ನೇ ‘ಕಲೆ’ ಎಂದು ಕರೆದಿದ್ದಾರೆ. ಒಂದು ಕಲೆಯು 1000 ಗಜದಲ್ಲಿ ಹತ್ತೂವರೆ ಅಂಗುಲದಷ್ಟಾಗುತ್ತದೆ; ಅಲ್ಲಿನ ನಡುವೃತ್ತದ ವ್ಯಾಸವೋ ಎರಡೇ ಅಡಿ. ಆದುದರಿಂದ ಅರವತ್ತುನಾಲ್ಕು ಕಲೆಗಳಲ್ಲಿ ಪಾರಂಗತನಾದ ನಾಗರಿಕನೂ ಇಲ್ಲಿ ಒಂದು ಕಲೆ ತಪ್ಪಿದರೆ ಐದು ಅಂಕಕ್ಕೆ ಎರವಾಗುವ ಭಯವುಂಟು.

ವಾಯು ಪ್ರಕರಣ

ಪಂಚಭೂತಗಳಲ್ಲಿ ಪೃಥ್ವಿಯು ಗುಂಡನ್ನು ಕೆಳಕ್ಕೆಳೆಯುತ್ತದೆ. ಆದರೆ ಎಂದಿಗೂ ಒಂದೇ ಪ್ರಕಾರವಾಗಿ ಎಳೆಯುವುದರಿಂದ, ಬಡ್ಡಿಯನ್ನು ತಪ್ಪದೆ ಕೇಳುವ ಸಾಹುಕಾರನಂತೆ, ಅದರೊಡನೆ ವ್ಯವಹರಿಸುವುದು ಸುಲಭ. ವಾಯುವಿನ ರೀತಿ ಬೇರೆ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿಯು 1000 ಗಜ ಹೋಗುವಷ್ಟರಲ್ಲಿ ಗುಂಡನ್ನು ಎಂಟಡಿಯಷ್ಟು ಪಕ್ಕಕ್ಕೆ ತಳ್ಳಬಲ್ಲುದು. ಹಲಗೆಯ ಅಗಲವೇ ಹತ್ತಡಿಯಾದ್ದರಿಂದ, ಗಾಳಿಯನ್ನು ಲೆಕ್ಕಿಸದೆ ನಟ್ಟನಡುವಿಗೆ ಗುರಿಯಿಟ್ಟ ಶುದ್ಧಾತ್ಮನ ಗುಂಡು ಹಲಗೆಯನ್ನೇ ಮುಟ್ಟದೆ ಹಿಂದಣ ಮಣ್ಣಿನ ದಿಬ್ಬದಲ್ಲಿ ಮುಕ್ತಿ ಹೊಂದುತ್ತದೆ. ನೇರವಾಗಿ ನಡೆಯುವವನು ಲೋಕದಲ್ಲಿ ಗುರಿ ಮುಟ್ಟುವುದಿಲ್ಲವೆಂಬ ನೀತಿಯನ್ನು ಇದರಿಂದ ತೆಗೆಯಲು ಕೆಲವರು ಹವಣಿಸಿದರೂ ನಾವು ಅದಕ್ಕೆ ಆಸ್ಪದ ಕೊಡುವುದಿಲ್ಲ.

ಗಾಳಿಯನ್ನು ಅರಿಯಲು ಎರಡು ಪ್ರಮಾಣಗಳಿವೆ. ಮೊದಲನೆಯದು ಬಾವುಟ, ಆದರೆ ಎಡದ ಬಾವುಟ ಒಂದು ಹೇಳಿದರೆ ಬಲದ ಬಾವುಟ ಇನ್ನೊಂದು ಹೇಳುವುದು ಶಾಸನಸಭೆಗಳಲ್ಲಿರುವಂತೆ ಇಲ್ಲಿಯೂ ಸಹಜ. ಎರಡನೆಯದು ಬಿಸಿಲ್ಗುದುರೆ. ಕಾದ ನೆಲದಿಂದೇಳುವ ಆ ಮಿಣುಕಿನ ಅಲೆಗಳು ದುರ್ಬೀನಿನಲ್ಲಿ ಹೊಳೆಯಂತೆ ಹರಿದು ಗಾಳಿಯ ದಿಕ್ಕನ್ನೂ ವೇಗವನ್ನೂ ತೋರಿಸುತ್ತವೆ. ಅಡ್ಡಗಾಳಿ ಸತ್ತೊಡನೆ ಒಲೆಯ ಮೇಲಿನ ಎಸರಿನಂತೆ ನೆಟ್ಟಗೆ ಮೇಲಕ್ಕೆ ಕುದಿಯುತ್ತವೆ. ವೇದಾಂತಿಗಳು ಯಾವ ಮರೀಚಿಕೆಯನ್ನು ಮಿಥ್ಯೆಗೆ ಉದಾಹರಣೆಯಾಗಿ ಶತಮಾನಗಳಿಂದ ನಿಂದಿಸುತ್ತ ಬಂದರೋ ಅದೇ ಇಲ್ಲಿ ಪರಮಪ್ರಮಾಣವಾಗಿರುವುದನ್ನು ಕಂಡು ಅದ್ವೈತಿಗಳು ಸ್ವಲ್ಪಕಾಲ ಮೌನವಹಿಸುವುದು ಲೇಸು. ಕನ್ನಡದಲ್ಲಿ ಬಂದೂಕಿನ ಕೀಲಿಗೂ ಕುದುರೆಯೆಂದೇ ಹೆಸರಿರುವುದನ್ನು ಮರೆಯಬಾರದು. ಯೋಧನು ಉಕ್ಕಿನ ಕುದುರೆಯನ್ನು ಎಳೆಯುತ್ತಾನೆ, ಕೋಚು ಬಿಸಿಲಿನ ಕುದುರೆಯನ್ನು ನೋಡುತ್ತಾನೆ. ಎರಡು ಕುದುರೆಗಳೂ ಒಂದೇ ನೊಗಕ್ಕೆ ಬಿದ್ದಾಗ ಮಾತ್ರ ತಂಡದ ರಥ ಹೊರಡುತ್ತದೆ.

ಕರ್ತೃ ಪ್ರಕರಣ

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ಗುಂಡು ಹೊಡೆದವನೇ ಕರ್ತೃವಲ್ಲವೆ, ಪಕ್ಕದಲ್ಲಿ ದುರ್ಬೀನು ಹಿಡಿದು ಕುಳಿತವನಿಗೇಕೆ ಕೀರ್ತಿಯ ಪಾಲು? ಇದಕ್ಕೆ ಸಮಾಧಾನ. 1860ರ ಜುಲೈ 2ರಂದು ವಿಂಬಲ್ಡನ್ನಿನ ಪ್ರಥಮ ಪಂದ್ಯಗಳನ್ನು ಉದ್ಘಾಟಿಸಿದ ವಿಕ್ಟೋರಿಯಾ ರಾಣಿಯು 400 ಗಜ ದೂರದ ಹಲಗೆಯ ಕೇಂದ್ರದಿಂದ ಎರಡಂಗುಲದೊಳಗೆ ಗುಂಡನ್ನು ಕೂರಿಸಿದಳು. ಜನಸ್ತೋಮವು ಜಯಘೋಷ ಮಾಡಿತು. ಆದರೆ ರೈಫಲು ಕಬ್ಬಿಣದ ಆಸನದಲ್ಲಿ ಅಲುಗದಂತೆ ಬಂಧಿತವಾಗಿತ್ತು. ಗುರಿಯನ್ನು ಇತರರು ಮೊದಲೇ ಹೊಂದಿಸಿದ್ದರು. ಮಹಾರಾಣಿಯು ಎಳೆದದ್ದು ಒಂದು ರೇಷ್ಮೆಯ ದಾರವನ್ನು. ಎಳೆಯುವವನು ಬೇರೆ, ಹೊಡೆಯುವವನು ಬೇರೆಯೆಂಬ ಸಿದ್ಧಾಂತಕ್ಕೆ ಇದಕ್ಕಿಂತ ರಾಜಮುದ್ರಿತವಾದ ನಿದರ್ಶನ ದೊರೆಯದು.

ತಂಡದ ಪಂದ್ಯದಲ್ಲಿ ಯೋಧನು ಗಾಳಿಯ ವಿಚಾರದಲ್ಲಿ ತಲೆಹಾಕುವಂತಿಲ್ಲ. ಕೋಚು ಇಷ್ಟು ಕಲೆ ಎಡಕ್ಕೆಂದರೆ ಎಡಕ್ಕೆ. ಅನೇಕ ವೇಳೆ ಅವನೇ ಕೈಚಾಚಿ ಸೈಟನ್ನು ತಿರುಗಿಸುತ್ತಾನೆ. ತಾಳೆಂದರೆ ತಾಳಬೇಕು, ಹೊಡೆಯೆಂದರೆ ಗಾಳಿ ಬದಲಾಗುವ ಮೊದಲೇ ಹೊಡೆಯಬೇಕು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಯೋಧನು ಹೊಡೆಯುತ್ತಾನೆ, ಕೋಚು ಹೊಡೆಯಿಸುತ್ತಾನೆ. ಆ ‘ಇಸು’ ಪ್ರತ್ಯಯದಲ್ಲಿಯೇ ಪಂದ್ಯದ ಸಾರವೆಲ್ಲ ಅಡಗಿದೆ. ಅರ್ಜುನನಿಗೆ ಪಕ್ಷಿಯ ತಲೆಯೊಂದೇ ಕಾಣಬಹುದು, ಕಾಣಲೂ ಬೇಕು. ಆದರೆ ಮಿಕ್ಕದ್ದನ್ನೆಲ್ಲ ಕಾಣುವ ಧರ್ಮರಾಯನು ಪಕ್ಕದಲ್ಲಿಲ್ಲದಿದ್ದರೆ ಆ ತಲೆಗೆ ಯಾವ ಅಪಾಯವೂ ಇಲ್ಲ.

ಸತ್ಯ ಪ್ರಕರಣ

ಧರ್ಮರಾಯನೇ ಏಕೆಂಬ ಪ್ರಶ್ನೆಗೆ ಇನ್ನೂ ಆಳವಾದ ಉತ್ತರವುಂಟು. ಗುಂಡು ಹೊರಟ ಕ್ಷಣದಲ್ಲಿ ತನ್ನ ಗುರಿ ಎಲ್ಲಿ ನಿಂತಿತ್ತೆಂಬುದನ್ನು ಯೋಧನು, ಹಲಗೆಯ ತೀರ್ಪು ಬರುವ ಮುನ್ನವೇ, ಕೋಚಿಗೆ ತಿಳಿಸತಕ್ಕದ್ದು. ‘ಬಲಕ್ಕೆ ತುಸು ಎಳೆದೆ’ ಎಂದು ಅವನು ಒಪ್ಪಿಕೊಂಡರೆ ಬಲಕ್ಕೆ ಬಿದ್ದ ಗುಂಡು ಕೈಯ ತಪ್ಪೆಂದು ಕೋಚು ಗಾಳಿಯನ್ನು ಕ್ಷಮಿಸುತ್ತಾನೆ. ಅಭಿಮಾನಕ್ಕೆ ಸಿಲುಕಿ ‘ನಡುವಿಗೇ ಹೋಯಿತು’ ಎಂದನೋ, ಇಲ್ಲದ ಗಾಳಿಗೆ ಸೈಟು ತಿರುಗುತ್ತದೆ, ಮುಂದಿನ ಗುಂಡು ಎಡಕ್ಕೆ ಬೀಳುತ್ತದೆ, ಆ ತಪ್ಪಿಗೆ ಮತ್ತೊಂದು ತಿದ್ದುಪಡಿ ಬರುತ್ತದೆ. ಒಂದು ಸುಳ್ಳಿನ ಸಂತಾನವು ಹತ್ತು ಗುಂಡುಗಳವರೆಗೆ ಬೆಳೆಯುತ್ತದೆ. ಅಶ್ವತ್ಥಾಮನ ವಿಷಯದಲ್ಲಿ ಅರ್ಧಸತ್ಯ ನುಡಿದೊಡನೆ ಧರ್ಮರಾಯನ ರಥವು ನೆಲದಿಂದ ನಾಲ್ಕಂಗುಲ ಮೇಲಿದ್ದದ್ದು ಕೆಳಕ್ಕಿಳಿಯಿತೆಂದು ಕೇಳಿದ್ದೇವೆ. ಐದು ಅಂಕದ ವೃತ್ತದಿಂದ ನಾಲ್ಕು ಅಂಕದ ವೃತ್ತಕ್ಕೆ ಇಳಿಯಲೂ ಅಷ್ಟೇ ಅಂಗುಲ ಸಾಕು.

ಪರಲಕ್ಷ್ಯದೋಷ ಪ್ರಕರಣ

1873ರಲ್ಲಿ ವಿಂಬಲ್ಡನ್ನಿನಲ್ಲಿ ಎಲ್ಕೋ ಫಲಕವನ್ನು ಗೆದ್ದ ಐರಿಷರು ಅಮೆರಿಕದವರನ್ನು ಪಂಥಕ್ಕೆ ಕರೆದುದರಿಂದ, 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಎಂಬಲ್ಲಿ ಆರಾರು ಮಂದಿಯ ತಂಡಗಳು ಎದುರಾದುವು. ಕ್ರೀಡ್ ಮನೆತನದ ಹೊಲವಾದ್ದರಿಂದ ಆ ಹೆಸರೆಂದು ಸಾಮಾನ್ಯರು ನಂಬುತ್ತಾರೆ. ನಮ್ಮ ಮತದಲ್ಲಿ ಇದು ‘ಕ್ರೀಡೆ ಮೂರು’ ಎಂಬ ಕನ್ನಡ ಪದದ ಅಪಭ್ರಂಶ. 800, 900, 1000 ಗಜಗಳೆಂದು ಅಲ್ಲಿ ಕ್ರೀಡೆಗಳು ಮೂರೇ ಇದ್ದುದೂ, ಕಡೆಗೆ ಗೆಲುವಿನ ಅಂತರ ಮೂರೇ ಅಂಕವಾದುದೂ ಇದಕ್ಕೆ ಬಲವಾದ ಸಾಕ್ಷ್ಯ.

ಅಂದು ಐರಿಷ್ ತಂಡದ ಮಿಲ್ನರ್ ಎಂಬಾತನು ಅತಿಮನೋಹರವಾದ ಗುಂಡೊಂದನ್ನು ನಡುವಿಗೇ ಹೊಡೆದನು; ಹಲಗೆ ಮಾತ್ರ ಪಕ್ಕದವರದು. ನಡುವಿಗೆ ಅಂದು ನಾಲ್ಕು ಅಂಕ. ಅವನಿಗೆ ದೊರೆತದ್ದು ಸೊನ್ನೆ. ಪರಧರ್ಮದ ವಿಷಯದಲ್ಲಿ ಗೀತಾಚಾರ್ಯನು ಕೊಟ್ಟ ಎಚ್ಚರಿಕೆಯನ್ನು ಇಷ್ಟು ನಿಖರವಾಗಿ ಅಂಕಗಣಿತಕ್ಕೆ ಇಳಿಸಿದ ಭಾಷ್ಯ ಬೇರೊಂದಿಲ್ಲ. ಅರ್ಜುನನ ಏಕಾಗ್ರತೆಯಲ್ಲಿ ಆತನಿಗೆ ಯಾವ ಕೊರತೆಯೂ ಇರಲಿಲ್ಲ. ಸುತ್ತಣ ಮರಗಳನ್ನು ಎಣಿಸಿ ‘ಅಯ್ಯಾ, ಇದು ನಮ್ಮ ಹಕ್ಕಿಯಲ್ಲ’ ಎನ್ನತಕ್ಕ ಧರ್ಮರಾಯನು ಆ ಕ್ಷಣದಲ್ಲಿ ಒದಗಲಿಲ್ಲ. ಐರಿಷರು 931ಕ್ಕೆ ನಿಂತರು. 930ರಲ್ಲಿದ್ದ ಅಮೆರಿಕದವರ ಕಡೆಯ ಗುಂಡು ಕರ್ನಲ್ ಬೋಡೈನನದು. ಶುಂಠಿಯ ಪಾನಕದ ಬಾಟಲಿ ಒಡೆದು ಆತನ ಕೈಯಿಂದ ರಕ್ತ ಸುರಿಯುತ್ತಿತ್ತು. ಅದಕ್ಕೆ ಬಟ್ಟೆ ಸುತ್ತಿಕೊಂಡೇ ಆತನು ನಡುವಿಗೆ ಹೊಡೆದು ತಂಡವನ್ನು 934ಕ್ಕೆ ಮುಟ್ಟಿಸಿದನು. ಮಿಲ್ನರನ ನಾಲ್ಕು ಅಂಕ ಲೆಕ್ಕಕ್ಕೆ ಬಂದಿದ್ದರೆ ಐರಿಷರು 935. ಶುಂಠಿಯ ಪಾನಕವು ಇತಿಹಾಸವನ್ನು ಪ್ರವೇಶಿಸುತ್ತಲೇ ಇರಲಿಲ್ಲ.

ದೇಶ ಪ್ರಕರಣ

ಈ ವಿದ್ಯೆಗೆ ನಮ್ಮ ಸೀಮೆಯ ಸಂಪರ್ಕವೇ ಇಲ್ಲವೆನ್ನುವವರಿಗೆ ಎರಡು ಮಾತು. ಬೆಳಗಾವಿಯ ನೆರೆಯ ಕೊಲ್ಲಾಪುರದ ಅರಸರು ನೀಡಿದ ಬಟ್ಟಲಿಗಾಗಿ ಬ್ರಿಟನ್ನಿನವರೂ ಸಾಗರದಾಚೆಯ ದೇಶಗಳವರೂ 1871ರಿಂದ ತಂಡ ಕಟ್ಟಿ ಸೆಣಸುತ್ತ ಬಂದಿದ್ದಾರೆ. ಮಹಾಲಕ್ಷ್ಮಿಯ ಊರಿನ ಹೆಸರು ಅವರ ಬಾಯಲ್ಲಿ ‘ಕೋಲಪೋರ್’ ಆಗಿದೆ. ಎರಡನೆಯದಾಗಿ, ಕೊಡಗಿನಲ್ಲಿ ಕೈಲ್‌ಪೊಳ್ದಿನ ಹಬ್ಬಕ್ಕೆ ಎತ್ತರದ ಮರದ ತೆಂಗಿನಕಾಯಿಗೆ ಕೋವಿಯಿಂದ ಹೊಡೆಯುವ ಸಂಪ್ರದಾಯವಿದೆ. ಆದರೆ ಅಲ್ಲಿ ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ. ಮೀಮಾಂಸೆಗೆ ಎಡೆಯಿಲ್ಲದ್ದರಿಂದ ಆ ವಿದ್ಯೆಯನ್ನು ನಾವು ಕೈಬಿಟ್ಟಿದ್ದೇವೆ.

ಫಲಶ್ರುತಿ

ಈ ಗ್ರಂಥವನ್ನು ಮೂರಾವರ್ತಿ ಪಠಿಸಿದವನು ನೆರೆಯವನ ಹಲಗೆಗೆ ಹೊಡೆಯನು. ಲೇಖಕನು ಇದನ್ನು ಬರೆಯುವುದಕ್ಕೆ ಬಹುಮೊದಲೇ ಜಾತ್ರೆಗೆ ಹೋಗಿದ್ದುದರಿಂದ ಆ ಫಲ ಅವನಿಗೆ ಲಭಿಸಲಿಲ್ಲ. ಕೆಂಪು ಬಲೂನಿಗೆ ಗುರಿಯಿಟ್ಟಾಗ ಹಿಂದೆ ನಿಂತಿದ್ದ ಭಾವಮೈದನು, ‘ಭಾವ, ಗಾಳಿ ಬೀಸ್ತಾ ಇದೆ, ಬಲೂನು ಅಲುಗ್ತಿದೆ, ಸ್ವಲ್ಪ ತಡೀರಿ’ ಎಂದನು. ತಡೆಯದೆ ಹೊಡೆದುದಕ್ಕೆ ಪಕ್ಕದ ನೀಲಿಯ ಬಲೂನು ಒಡೆಯಿತು. ಬಹುಮಾನ ಕೇಳಲು ಅಂಗಡಿಯವನು, ‘ಕೆಂಪು ಅಂದ್ರಿ, ನೀಲಿ ಹೊಡದ್ರಿ ಸ್ವಾಮಿ, ಇದು ಲೆಕ್ಕಕ್ಕಿಲ್ಲ’ ಎಂದು ಕ್ರೀಡ್‌ಮೂರಿನ ತೀರ್ಪನ್ನೇ ಅಲ್ಲಿಯೂ ಕೊಟ್ಟನು. ಗುರಿ ನಡುವಿಗೇ ಇತ್ತು, ಭಾವಮೈದನ ಮಾತಿನಿಂದ ಕೈ ಅಲುಗಿತು ಎಂದು ಅಂದಿನಿಂದ ಇಂದಿನವರೆಗೆ ನಾನು ಮನೆಮಂದಿಯೆಲ್ಲರ ಮುಂದೆ ಸಾಧಿಸುತ್ತ ಬಂದಿದ್ದೇನೆ. ಪಾಪ, ಅವನೂ ಅದನ್ನು ನಂಬಿ, ಅಂದಿನಿಂದ ನನಗೆ ಯಾವ ಗಾಳಿಯ ಸುದ್ದಿಯನ್ನೂ ಹೇಳುವುದನ್ನು ಬಿಟ್ಟಿದ್ದಾನೆ. ಸತ್ಯ ಪ್ರಕರಣವನ್ನು ಬರೆದ ಕೈಯಿಂದ ಇನ್ನು ಮರೆಮಾಚುವುದು ತರವಲ್ಲ: ಕುದುರೆಯನ್ನೆಳೆದ ಆ ಕ್ಷಣದಲ್ಲಿ ನನಗೆ ಕೆಂಪೂ ಕಾಣುತ್ತಿರಲಿಲ್ಲ, ನೀಲಿಯೂ ಕಾಣುತ್ತಿರಲಿಲ್ಲ; ಸದ್ದಿಗೆ ಹೆದರಿ ಎರಡು ಕಣ್ಣುಗಳನ್ನೂ ಮುಚ್ಚಿಕೊಂಡಿದ್ದೆ.